ಇಪ್ಪತ್ತೆರಡು

ಯಂತ್ರ ಮೂರನೆಯ ಸಲವೂ ಅದೇ ಮಾತು ಹೇಳಿತು. ಮೊದಲ ಸಲ ಅದು ಸಂಖ್ಯೆಯನ್ನೇ ಕೊಟ್ಟಿರಲಿಲ್ಲ. ಇದು ನನ್ನ ಅಳತೆಗೆ ಮೀರಿದ್ದು ಎಂದು ಒಂದು ಗುರುತು ಹಾಕಿ ಕೈ ತೊಳೆದುಕೊಂಡಿತ್ತು. ಅವಳು ದ್ರಾವಣವನ್ನು ಹತ್ತು ಪಾಲು ತೆಳು ಮಾಡಿ ಮತ್ತೆ ಇಟ್ಟಳು. ಎರಡು ಸಾವಿರದ ಮುನ್ನೂರ ನಲವತ್ತು. ಎಲ್ಲೋ ಕೈ ತಪ್ಪಿರಬೇಕು ಎಂದುಕೊಂಡು ಡಬ್ಬಿಯಿಂದ ಹೊಸದಾಗಿ ಕಡ್ಡಿಯಲ್ಲಿ ತೆಗೆದು, ನಳಿಗೆಯಲ್ಲಿ ಅಲುಗಿಸಿ, ಎಲ್ಲವನ್ನೂ ಮೊದಲಿನಿಂದ ಮಾಡಿದಳು. ಎರಡು ಸಾವಿರದ ಮುನ್ನೂರ ಹತ್ತು. ಮಕ್ಕಳ ವಾರ್ಡಿನಿಂದ ಬೆಳಿಗ್ಗೆ ಲ್ಯಾಬಿಗೆ ಬಂದ ಮಲದ ಡಬ್ಬಿ ಅದು. ಐವತ್ತರೊಳಗಿದ್ದರೆ ಕರುಳು ಚೆನ್ನಾಗಿದೆ ಎಂದರ್ಥ. ಇದು ಹೊತ್ತಿ ಉರಿಯುತ್ತಿರುವ ಕರುಳು.

"ಪಾಪ, ಯಾರ ಮನೆ ಕೂಸೋ" ಎಂದು ಬಾಯಲ್ಲೇ ಲೊಚಗುಟ್ಟುತ್ತಾ, ವರದಿ ಕಳಿಸಲು ಕಂಪ್ಯೂಟರಿನಲ್ಲಿ ಡಬ್ಬಿಯ ನಂಬರು ಒತ್ತಿದಳು. ಪರದೆಯ ಮೇಲೆ ಬಂದದ್ದು ಅವಳ ಸ್ವಂತ ಅಕ್ಕನ ಮಗಳ ಹೆಸರು.

ಆಸ್ಪತ್ರೆಯಲ್ಲಿ ಅವಳನ್ನು ಡಬ್ಬಿ ಮೇಡಂ ಎಂದೇ ಎಲ್ಲರೂ ಕರೆಯುತ್ತಿದ್ದರು. ಅಕ್ಕನ ಮನೆಯಲ್ಲಿ ಅವಳು ಚಿಕ್ಕಮ್ಮ. ಹದಿನೆಂಟು ವರ್ಷದಿಂದ ಮಲಪರೀಕ್ಷೆಯ ಮೇಜೇ ಅವಳ ಜಾಗ. ಬೇರೆಯವರು ಮೂಗು ಮುಚ್ಚಿಕೊಂಡು ದೂರ ಸರಿಯುವ ಕೆಲಸವನ್ನು ಅವಳು ಅಚ್ಚುಕಟ್ಟಾಗಿ, ಹೆಮ್ಮೆಯಿಂದ ಮಾಡುತ್ತಿದ್ದಳು. ಮದುವೆಯ ಗೊಡವೆಗೆ ಹೋಗಿರಲಿಲ್ಲ. ಅಕ್ಕನ ಮನೆಯ ಎದುರಿನ ಕಟ್ಟಡದಲ್ಲೇ ಒಂದು ಕೋಣೆ ಮಾಡಿಕೊಂಡಿದ್ದಳು, ಭಾನುವಾರದ ಊಟಕ್ಕೆ ತಪ್ಪದೆ ಅಕ್ಕನ ಮನೆಗೆ ಬರುತ್ತಿದ್ದಳು, ಬಂದವಳು ಊಟ ಮುಗಿಯುವವರೆಗೆ ಎಲ್ಲರನ್ನೂ ನಗಿಸುತ್ತಿದ್ದಳು. ಸರಕಿಗೇನು ಕೊರತೆ? ಒಬ್ಬ ಐಸ್‌ಕ್ರೀಮ್ ಡಬ್ಬಿ ತುಂಬ ತಂದುಕೊಟ್ಟಿದ್ದ, ಇನ್ನೊಬ್ಬಳು ಉಡುಗೊರೆಯ ಕಾಗದ ಸುತ್ತಿ ತಂದಿದ್ದಳು. ಎಲ್ಲಕ್ಕಿಂತ ಹೆಚ್ಚು ನಡೆಯುತ್ತಿದ್ದದ್ದು ಬೀಟ್‌ರೂಟ್ ಕಥೆ. ದೊಡ್ಡ ಆಫೀಸರೊಬ್ಬ ರಕ್ತ ಹೋಗುತ್ತಿದೆ ಎಂದು ಹೆಂಡತಿಯ ಹೆಗಲ ಮೇಲೆ ತಲೆಯಿಟ್ಟು ಅಳುತ್ತಾ ಬಂದಿದ್ದ. ನೋಡಿದರೆ ಹಿಂದಿನ ದಿನ ತಿಂದ ಬೀಟ್‌ರೂಟ್! ಆಫೀಸರ ಅಳುವನ್ನು ಅವಳು ಮಾಡಿ ತೋರಿಸುತ್ತಿದ್ದ ರೀತಿಗೆ ಭಾವ ತಟ್ಟೆ ಬಿಟ್ಟು ಎದ್ದು ಹೋಗಿ ನಗುತ್ತಿದ್ದ. "ಯಾರದೇ ಡಬ್ಬಿ ತನ್ನಿ, ಅವರ ಮನೆ ಗುಟ್ಟೆಲ್ಲ ಹೇಳ್ತೀನಿ ನಾನು" ಎಂದು ಅವಳು ಕೈ ಝಾಡಿಸಿದರೆ ಇಬ್ಬರು ಮಕ್ಕಳೂ ಕಿಲಕಿಲ ಎನ್ನುತ್ತಿದ್ದರು. ಹನ್ನೊಂದು ವರ್ಷದ ದೊಡ್ಡವಳು ಯಾವಾಗಿನಿಂದ ನಗುವುದನ್ನು ನಿಲ್ಲಿಸಿದಳು ಎಂಬುದನ್ನು ಯಾರೂ ಗಮನಿಸಿರಲಿಲ್ಲ.

ದೊಡ್ಡವಳಿಗೆ ಹೊಟ್ಟೆನೋವು ಶುರುವಾಗಿ ಆಗಲೇ ಒಂದು ವರ್ಷವಾಗುತ್ತಾ ಬಂದಿತ್ತು. ಸೋಮವಾರ ನೋವು, ಪರೀಕ್ಷೆ ಬಂದರೆ ನೋವು, ಊಟಕ್ಕೆ ಕೂತರೆ ನೋವು. ಹತ್ತು ತಿಂಗಳ ಹಿಂದೆ ಮಕ್ಕಳ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಷ್ಟಿದೆ ನೋಡಿಸಿ ಎಂದು ಚೀಟಿ ಬರೆದಿದ್ದರು. ಕರುಳು ಉರಿದುಕೊಂಡರೆ ರಕ್ತದ ಬಿಳಿಕಣಗಳು ಅಲ್ಲಿಗೆ ದೌಡಾಯಿಸುತ್ತವೆ, ಅವು ಬಿಟ್ಟುಹೋಗುವ ಒಂದು ಪ್ರೋಟೀನು ಮಲದಲ್ಲಿ ಇಳಿದುಬರುತ್ತದೆ. ಅದನ್ನು ಅಳೆದರೆ ಮಗುವಿನ ಒಳಗೆ ನಳಿಗೆ ತೂರಿಸಿ ನೋಡಬೇಕೋ ಬೇಡವೋ ಗೊತ್ತಾಗುತ್ತದೆ. ಇದನ್ನೆಲ್ಲ ಅಕ್ಕನಿಗೂ ಭಾವನಿಗೂ ಬಿಡಿಸಿ ಹೇಳಿದವಳು ಚಿಕ್ಕಮ್ಮನೇ. "ಬೇರೆಲ್ಲೂ ಕೊಡ್ಬೇಡಿ. ನಾನೇ ಕೂತು ಮಾಡ್ತೀನಿ" ಎಂದು ಖಾಲಿ ಡಬ್ಬಿಯನ್ನು ಅವಳೇ ತಂದುಕೊಟ್ಟಿದ್ದಳು.

"ನೀನೇ ನೋಡ್ತೀಯಾ ಚಿಕ್ಕಮ್ಮ?" ಎಂದು ಹುಡುಗಿ ಕೇಳಿದ್ದಳು.

"ಮತ್ತಿನ್ಯಾರು? ನಿನ್ನ ಬಂಡವಾಳವೆಲ್ಲ ನಾಳೆ ಬಯಲು!"

ಮರುದಿನ ಬೆಳಿಗ್ಗೆ ಹುಡುಗಿ ಮೂರು ಕವರು ಸುತ್ತಿದ ಡಬ್ಬಿಯನ್ನು ಬಾಗಿಲಲ್ಲೇ ಅವಳ ಕೈಗಿತ್ತು ಒಳಗೆ ಓಡಿದ್ದಳು. ಮಧ್ಯಾಹ್ನಕ್ಕೆ ಫಲಿತಾಂಶ ಬಂದಿತ್ತು. ಇಪ್ಪತ್ತೆರಡು. ಚಿಕ್ಕಮ್ಮ ಲ್ಯಾಬಿನ ಹೊರಗೆ ಬಂದು ಅಕ್ಕನಿಗೆ ಫೋನು ಮಾಡಿ, "ಏನೂ ಇಲ್ಲ ಕಣೇ, ಚಿನ್ನದಂಥ ಕರುಳು" ಎಂದಿದ್ದಳು. ಡಾಕ್ಟರೂ ಸಂಖ್ಯೆ ನೋಡಿ ಸಮಾಧಾನಪಟ್ಟರು. ಆದರೂ ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಬನ್ನಿ, ತೂಕ ಇಳಿದರೆ ಮೊದಲೇ ಬನ್ನಿ ಎಂದರು. ಮೂರು ತಿಂಗಳಿಗೆ ಅಕ್ಕ ಹೋಗೋಣವೇ ಎಂದು ಕೇಳಿದಾಗ, "ಸುಮ್ನೆ ಯಾಕೆ ಮಗೂನ ಅಲೆದಾಡಿಸ್ತೀಯ? ನಾನೇ ಮಾಡಿದ ಟೆಸ್ಟು ಅದು. ಸ್ಕೂಲು ತಪ್ಪಿಸೋ ಆಟ ಇದು" ಎಂದವಳೂ ಅವಳೇ.

ಭಾವ ಕಾರ್ಖಾನೆಯೊಂದರಲ್ಲಿ ತಯಾರಾದ ಮಾಲನ್ನು ಅಳೆದು ನೋಡಿ ಮುದ್ರೆ ಒತ್ತುವವನು. ಅಳತೆ ಎಂದರೆ ಅವನಿಗೆ ದೇವರ ವಾಕ್ಯ. ಇಪ್ಪತ್ತೆರಡು ಬಂದ ಮೇಲೆ ಆ ಮನೆಯಲ್ಲಿ ಹೊಟ್ಟೆನೋವಿಗೆ ಜಾಗವೇ ಇಲ್ಲದಂತಾಯಿತು. ಹುಡುಗಿ ಮಗ್ಗುಲಾಗಿ ಮುದುರಿ ಮಲಗಿದರೆ, "ಏಳು ಏಳು, ಇಪ್ಪತ್ತೆರಡು" ಎನ್ನುತ್ತಿದ್ದ. ತಟ್ಟೆಯಲ್ಲಿ ಊಟ ಬಿಟ್ಟರೆ ಇಪ್ಪತ್ತೆರಡು, ಶೌಚಾಲಯದಲ್ಲಿ ಹೆಚ್ಚು ಹೊತ್ತು ಕೂತರೆ ಇಪ್ಪತ್ತೆರಡು. ಆರು ವರ್ಷದ ಚಿಕ್ಕವಳಿಗೂ ಆ ಪದ ಸಿಕ್ಕಿಬಿಟ್ಟಿತ್ತು. ಜಗಳವಾಡಿದಾಗೆಲ್ಲ ದೊಡ್ಡವಳನ್ನು ಹಾಗೆಂದೇ ಕರೆದು ಓಡುತ್ತಿದ್ದಳು. ಹುಡುಗಿಯ ಸ್ಕೂಲಿನ ಲಂಗಕ್ಕೆ ಅಕ್ಕ ಎರಡು ಪಿನ್ನು ಹಾಕಿ ಬಿಗಿ ಮಾಡಿದ್ದು, ಚಿಕ್ಕವಳು ಎತ್ತರದಲ್ಲಿ ಅವಳ ಕಿವಿಯ ಮಟ್ಟಕ್ಕೆ ಬಂದದ್ದು, ಇವು ಯಾವುವೂ ಯಂತ್ರದಿಂದ ಬಂದ ಸಂಖ್ಯೆಗಳಲ್ಲವಾದ್ದರಿಂದ ಲೆಕ್ಕಕ್ಕೆ ಬರಲಿಲ್ಲ. ನಿನ್ನೆ ಸ್ಕೂಲಿನಲ್ಲಿ ಹುಡುಗಿ ತಲೆಸುತ್ತಿ ಬಿದ್ದು, ಮೇಷ್ಟರು ನೇರವಾಗಿ ಆಸ್ಪತ್ರೆಗೆ ತಂದು ಹಾಕಿದಾಗಲೂ ಚಿಕ್ಕಮ್ಮ, "ಉಪವಾಸ ಬಿದ್ದು ತಂದ್ಕೊಂಡದ್ದು" ಎಂದೇ ಹೇಳಿ ಬಂದಿದ್ದಳು. ಡಾಕ್ಟರು ಮತ್ತೆ ಅದೇ ಟೆಸ್ಟು ಬರೆದದ್ದು, ನರ್ಸು ತಾನೇ ಮುಂದೆ ನಿಂತು ಡಬ್ಬಿ ತುಂಬಿಸಿಕೊಂಡದ್ದು ಅವಳಿಗೆ ಗೊತ್ತಿರಲಿಲ್ಲ.

ಈಗ ಪರದೆಯ ಮುಂದೆ ಕೂತು ಆ ಹೆಸರನ್ನು ಮತ್ತೊಮ್ಮೆ ಓದಿದಳು. ಆದರೆ ಅವಳಿಗೆ ಮೊದಲು ಬಂದ ಯೋಚನೆ ಹುಡುಗಿಯದಲ್ಲ, ತನ್ನ ಹಳೆಯ ವರದಿಯದು. ಆಮೇಲೆ ಎಷ್ಟೋ ದಿನ ಅವಳನ್ನು ಸುಟ್ಟದ್ದು ಇದೇ.

ಆ ವರದಿಯನ್ನು ಪರೀಕ್ಷಿಸಲು ಅವಳ ಬಳಿ ಒಂದು ದಾರಿ ಇತ್ತು. ಪ್ರತಿ ದಿನ ರೋಗಿಗಳ ಡಬ್ಬಿಗಳನ್ನು ಮುಟ್ಟುವ ಮೊದಲು, ಉತ್ತರ ಮೊದಲೇ ಗೊತ್ತಿರುವ ಒಂದು ಮಾದರಿಯನ್ನು ಯಂತ್ರಕ್ಕೆ ಕೊಟ್ಟು ಅದರ ಬುದ್ಧಿ ನೆಟ್ಟಗಿದೆಯೇ ಎಂದು ನೋಡುವುದು ಪದ್ಧತಿ. ಹತ್ತು ತಿಂಗಳ ಹಿಂದೆ ಅಕ್ಕನ ಮಗಳ ದ್ರಾವಣ ಅಷ್ಟು ಶುದ್ಧವಾಗಿ ಬಂದದ್ದು ನೋಡಿ, ಅವಳು ಅದನ್ನೇ ಚಿಕ್ಕ ಚಿಕ್ಕ ನಳಿಗೆಗಳಲ್ಲಿ ತುಂಬಿ ಫ್ರೀಜರಿನಲ್ಲಿಟ್ಟಿದ್ದಳು. ಅಂದಿನಿಂದ ದಿನಕ್ಕೊಂದು ನಳಿಗೆ. ದಿನವೂ ಇಪ್ಪತ್ತೊಂದು, ಇಪ್ಪತ್ತೆರಡು, ಇಪ್ಪತ್ಮೂರು. ದಿನ ಬೆಳಗಾದರೆ ಯಂತ್ರವೇ ಎದ್ದು ನಿಂತು ಈ ಹುಡುಗಿಗೆ ಏನೂ ಆಗಿಲ್ಲ ಎಂದು ಸಾಕ್ಷಿ ಹೇಳುತ್ತಿತ್ತು.

ಇನ್ನೊಂದು ನಳಿಗೆ ಕರಗಿಸಿ ಇಟ್ಟಳು. ಇಪ್ಪತ್ತೆರಡು. ಯಂತ್ರ ಸರಿಯಿದೆ, ಕೈ ಸರಿಯಿದೆ, ಅಂದೂ ಸರಿ, ಇಂದೂ ಸರಿ. ಹೊಟ್ಟೆನೋವೂ ಅಂದಿನಿಂದ ಇದ್ದದ್ದೇ. ಹಾಗಿದ್ದರೆ ಉಳಿದದ್ದು ಒಂದೇ: ಇಷ್ಟು ದಿನ ಫ್ರೀಜರಿನಲ್ಲಿದ್ದದ್ದು ಆ ಹುಡುಗಿಯದಲ್ಲ.

ವರದಿ ಕಳಿಸಿ, ಕೈಗವಸು ಕಿತ್ತೆಸೆದು ಮಕ್ಕಳ ವಾರ್ಡಿಗೆ ಓಡಿದಳು. ಹುಡುಗಿ ಕಿಟಕಿಯ ಪಕ್ಕದ ಹಾಸಿಗೆಯಲ್ಲಿದ್ದಳು. ಕೈಗೆ ಡ್ರಿಪ್ಪು ಹಾಕಿದ್ದರು. ಆ ಕೈಯ ಮೂಳೆ ಅಷ್ಟು ಎದ್ದು ಕಾಣುತ್ತಿದೆ ಎಂದು ನಿನ್ನೆ ಅವಳಿಗೆ ಕಂಡಿರಲಿಲ್ಲ. ಅಕ್ಕನನ್ನು ಚಹಾ ಕುಡಿದು ಬಾ ಎಂದು ಹೊರಗೆ ಕಳಿಸಿ, ಸ್ಟೂಲು ಎಳೆದುಕೊಂಡು ಹತ್ತಿರ ಕೂತಳು.

"ಅವತ್ತು ಕೊಟ್ಟ ಡಬ್ಬಿ ಯಾರದು?"

ಹುಡುಗಿ ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತತೊಡಗಿದಳು.

"ಬೈಯಲ್ಲ ಪುಟ್ಟ. ಹೇಳು."

"ಚಿಕ್ಕೋಳದು."

"ಯಾಕೆ ಹಾಗ್ ಮಾಡ್ದೆ?"

"ನಂದ್ರಲ್ಲಿ ಕೆಂಪಗೆ ಇತ್ತು."

"ಕೆಂಪಗೆ ಇದ್ರೆ ಹೇಳ್ಬೇಕು ತಾನೇ? ಅದಕ್ಕೇ ತಾನೇ ಟೆಸ್ಟು ಇರೋದು?" ಅವಳ ದನಿ ಅವಳಿಗೇ ಗೊತ್ತಿಲ್ಲದೆ ಏರಿತು.

"ನೀನು ಭಾನುವಾರ ಊಟಕ್ಕೆ ಕೂತಾಗ ಎಲ್ಲರಿಗೂ ಹೇಳ್ತೀಯ. ಬೀಟ್‌ರೂಟ್ ಅಂತ ನಗ್ತೀರ ಎಲ್ಲರೂ. ನೀನು ನನ್ನ ಥರ ಅಳೋದು ಮಾಡಿ ತೋರಿಸ್ತೀಯ." ಹುಡುಗಿ ಒಂದೊಂದೇ ಮಾತನ್ನು ಪಾಠ ಒಪ್ಪಿಸುವ ಹಾಗೆ ಹೇಳಿದಳು. "ಆಮೇಲೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಇಪ್ಪತ್ತೆರಡು ಬಂತು. ಅಪ್ಪ ಯಾವಾಗ್ಲೂ ಅದನ್ನೇ ಹೇಳ್ತಿದ್ರು. ನಾನು ಹೇಳಿದ್ರೆ ಕಳ್ಳಿ ಅಂತಿದ್ರು."

ಎಷ್ಟೋ ಮನೆಗಳ ಗುಟ್ಟು ಬಲ್ಲ ಚಿಕ್ಕಮ್ಮನಿಗೆ ಈ ಒಂದು ಮನೆಯದು ಗೊತ್ತಿರಲಿಲ್ಲ. ಹುಡುಗಿಯ ತಲೆ ಸವರಲು ಕೈ ಚಾಚಿದಳು, ಹುಡುಗಿ ತಪ್ಪಿಸಿಕೊಳ್ಳಲಿಲ್ಲ.

"ಯಾರಿಗೂ ಹೇಳ್ಬೇಡ ಚಿಕ್ಕಮ್ಮ. ಅಮ್ಮಂಗೂ ಬೇಡ. ಅಪ್ಪಂಗಂತೂ ಬೇಡವೇ ಬೇಡ."

"ಇಲ್ಲಮ್ಮ. ಯಾರಿಗೂ ಹೇಳಲ್ಲ. ನನ್ನ ಮೇಲಾಣೆ."

ಆ ಕ್ಷಣಕ್ಕೆ ಅವಳು ಪೂರ್ತಿ ಮನಸ್ಸಿನಿಂದಲೇ ಹೇಳಿದ್ದಳು.

ಮುಂದಿನದೆಲ್ಲ ಸರಸರ ನಡೆದುಹೋಯಿತು. ಒಳಗೆ ಕ್ಯಾಮೆರಾ ಬಿಟ್ಟು ನೋಡಿದರು. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಕಡೆ ಗಾಯವಾಗಿ, ಮಾಯ್ದು, ಮತ್ತೆ ಗಾಯವಾಗಿ, ದಾರಿ ಪೆನ್ಸಿಲಿನಷ್ಟು ಸಣ್ಣದಾಗಿತ್ತು. ಅಷ್ಟು ಭಾಗವನ್ನು ಕತ್ತರಿಸಿ ತೆಗೆದು ಎರಡು ತುದಿ ಹೊಲಿದರು. ಎರಡು ಅಂಗೈಗಳನ್ನು ಅಗಲಿಸಿ ಹಿಡಿದು ಉದ್ದ ತೋರಿಸಿದ ಡಾಕ್ಟರು, "ಮೊದಲೇ ಗೊತ್ತಾಗಿದ್ರೆ ಬಹುಶಃ ಔಷಧೀಲೇ ಹೋಗ್ತಿತ್ತು. ಬಹುಶಃ ಅಂತೀನಿ, ಖಂಡಿತ ಅಂತ ಹೇಳಕ್ಕಾಗಲ್ಲ" ಎಂದರು. ಔಷಧಿ ಇನ್ನು ಮುಂದೆಯೂ ಬೇಕು, ವರ್ಷಗಟ್ಟಲೆ. ಎರಡು ತಿಂಗಳಿಗೊಮ್ಮೆ ಅದೇ ಟೆಸ್ಟು. ಭಾವ ಗೋಡೆಗೆ ಹಣೆ ಒತ್ತಿ ನಿಂತ. ಅಕ್ಕ ಯಾರ ಮುಖವನ್ನೂ ನೋಡಲಿಲ್ಲ. ಚಿಕ್ಕಮ್ಮನಿಗೆ ಮಾತ್ರ ಆ ಎರಡು ಅಂಗೈಗಳ ನಡುವಿನ ಜಾಗ ಕಣ್ಣಿನಿಂದ ಹೋಗಲೇ ಇಲ್ಲ.

ಶಸ್ತ್ರಚಿಕಿತ್ಸೆಯಾಗಿ ನಾಲ್ಕನೆಯ ದಿನ ಲ್ಯಾಬಿನ ಮುಖ್ಯಸ್ಥ ಅವಳನ್ನು ತನ್ನ ಕೋಣೆಗೆ ಕರೆಸಿದ. ಎದುರಿಗೆ ಎರಡು ವರದಿಗಳು, ಎರಡರ ಕೆಳಗೂ ಅವಳದೇ ಸಹಿ.

"ಡಾಕ್ಟ್ರು ಬರೆದು ಕೇಳಿದ್ದಾರೆ. ಒಂದೇ ಮಗು, ಒಂದರಲ್ಲಿ ಇಪ್ಪತ್ತೆರಡು, ಇನ್ನೊಂದರಲ್ಲಿ ಎರಡು ಸಾವಿರ. ಯಂತ್ರದ್ದಾ ಮೇಡಂ, ನಿಮ್ದಾ?"

"ಎರಡೂ ಅಲ್ಲ ಸರ್."

"ಹಾಗಂತ ಬರೆದುಕೊಟ್ರೆ ಆಗಲ್ಲ. ಏನಾದ್ರೂ ಒಂದು ಬರೀಲೇಬೇಕು." ಒಂದು ಹಾಳೆ ಮುಂದೆ ತಳ್ಳಿದ. "ನಿಮ್ದು ಅಂತಾದ್ರೆ ಹತ್ತು ತಿಂಗಳ ನಿಮ್ಮ ರಿಪೋರ್ಟೆಲ್ಲ ತಿರುಗಿ ನೋಡಿಸ್ಬೇಕಾಗುತ್ತೆ. ಅಲ್ಲೀವರೆಗೂ ನಿಮ್ಮನ್ನ ಆ ಮೇಜಿನ ಮುಂದೆ ಕೂರಿಸಕ್ಕಾಗಲ್ಲ. ನನಗೂ ಇಷ್ಟ ಇಲ್ಲ ಇದು."

ಹಾಳೆಯ ಮೇಲೆ ತಪ್ಪು ಎಲ್ಲಿ ನಡೆಯಿತು ಎಂದು ಕೇಳಿ ನಾಲ್ಕು ಚೌಕಗಳಿದ್ದವು: ಯಂತ್ರ, ರಾಸಾಯನಿಕ, ಸಿಬ್ಬಂದಿ, ರೋಗಿಯ ಕಡೆಯವರು. ಗೊತ್ತಿಲ್ಲ ಎಂಬ ಚೌಕ ಇರಲಿಲ್ಲ. ಅವಳು ಪೆನ್ನು ಎತ್ತಿಕೊಂಡಳು. ಮೂರನೆಯ ಚೌಕಕ್ಕೆ ಒಂದು ಗೀಟು ಎಳೆದರೆ ಹುಡುಗಿಯ ಮಾತು ಹುಡುಗಿಯ ಹತ್ತಿರವೇ ಉಳಿಯುತ್ತಿತ್ತು. ಆದರೆ ಅವಳ ಕೈಯಿಂದ ಒಂದು ದಿನವೂ ತಪ್ಪು ವರದಿ ಹೋಗಿರಲಿಲ್ಲ. ಹದಿನೆಂಟು ವರ್ಷ! ಜನ ಹಿಂದಿನಿಂದ ಡಬ್ಬಿ ಮೇಡಂ ಎಂದು ನಕ್ಕರೂ, ಅವಳ ಸಂಖ್ಯೆಯನ್ನು ನೋಡಿ ಯಾರೂ ನಕ್ಕಿರಲಿಲ್ಲ. ಅದನ್ನೂ ಕಳೆದುಕೊಂಡರೆ ಅವಳ ಹತ್ತಿರ ಉಳಿಯುವುದೇನು? ಮಾಡದ ತಪ್ಪನ್ನು ಮಾಡಿದೆ ಎಂದು ಬರೆಯುವುದೂ ಸುಳ್ಳೇ ಅಲ್ಲವೇ? ಇಷ್ಟಕ್ಕೂ ಇದು ಆಫೀಸಿನ ಕಾಗದ, ಕಪಾಟಿಗೆ ಹೋಗುವಂಥದ್ದು. ಹೀಗೆ ಒಂದೊಂದೇ ನೆಪ ಜೋಡಿಸಿಕೊಂಡು ನಾಲ್ಕನೆಯ ಚೌಕಕ್ಕೆ ಗೀಟು ಎಳೆದಳು. ವಿವರ ಎಂಬಲ್ಲಿ ಮುದ್ದಾದ ಅಕ್ಷರದಲ್ಲಿ ಬರೆದಳು: ರೋಗಿಯು ತನ್ನ ತಂಗಿಯ ಮಾದರಿಯನ್ನು ಕೊಟ್ಟಿರುವುದಾಗಿ ಒಪ್ಪಿಕೊಂಡಿದ್ದಾಳೆ.

ಮುಖ್ಯಸ್ಥ ಓದಿ ಉಸಿರುಬಿಟ್ಟ. "ಬದುಕಿದ್ವಿ" ಎಂದ.

ಕಪಾಟಿಗೆ ಹೋಗಬೇಕಾದ ಕಾಗದ ಮೊದಲು ಡಾಕ್ಟರ ಬಳಿಗೆ ಹೋಯಿತು. ಅವರು ಒಳ್ಳೆಯ ಮನುಷ್ಯ. ತಂದೆತಾಯಿಗೆ ತಿಳಿಸುವುದು ತಮ್ಮ ಧರ್ಮವೆಂದು ಕೂರಿಸಿಕೊಂಡು, ಮಗುವನ್ನು ಬೈಯಬಾರದು ಎಂದು ಮೂರು ಸಲ ಹೇಳಿಯೇ ವಿಷಯ ತಿಳಿಸಿದರು. ಭಾವ ಬೈಯಲಿಲ್ಲ. ಹಾಸಿಗೆಯ ಪಕ್ಕ ಮಂಡಿಯೂರಿ ಕೂತು, ಹುಡುಗಿಯ ಅಂಗಾಲು ಹಿಡಿದುಕೊಂಡು, "ನಿನಗೆ ನೀನೇ ಮಾಡ್ಕೊಂಡ್ಬಿಟ್ಟೆಯಲ್ಲ ಕಂದ, ನಿನಗೆ ನೀನೇ" ಎಂದು ಬಿಕ್ಕಿಬಿಕ್ಕಿ ಅತ್ತ. ಹತ್ತು ತಿಂಗಳು ಏಳು ಏಳು ಎಂದವನಿಗೆ ಆ ಮಾತಿನಿಂದ ಎಷ್ಟು ಹಗುರವಾಯಿತೋ ಅಷ್ಟೂ ಭಾರ ಹುಡುಗಿಯ ಮೇಲೆ ಬಿತ್ತು. ಅಕ್ಕ ಹೊರಗಿನ ಜಗಲಿಯಲ್ಲಿ ನಿಂತಿದ್ದ ತಂಗಿಯ ಕೈ ಹಿಡಿದು, "ನಿನ್ನ ಮೇಲೆ ಅನುಮಾನಪಟ್ಟಿದ್ದೆ ಕಣೇ. ತಪ್ಪಾಯ್ತು. ನೀನೇನು ಮಾಡ್ತಿದ್ದೆ ಪಾಪ" ಎಂದಳು. ನನ್ನ ಬಾಯಿಗೆ ಹೆದರಿ ಮಾಡಿದ್ದು ಕಣೇ ಅಕ್ಕ ಎಂಬ ಮಾತು ಚಿಕ್ಕಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಅದು ಅಲ್ಲಿಯೇ ನಿಂತಿತು.

ವಾರ್ಡಿನಲ್ಲಿ ಇಂಥ ಮಾತು ಹರಡಲು ಎಷ್ಟು ಹೊತ್ತು ಬೇಕು? ಸ್ಟ್ರೆಚರ್ ತಳ್ಳುವವನಿಂದ ಹಿಡಿದು ನೆಲ ಒರೆಸುವವಳವರೆಗೆ ಎಲ್ಲರಿಗೂ ಗೊತ್ತಾಯಿತು. ಯಾರಿಗೂ ಕೆಟ್ಟ ಮನಸ್ಸಿಲ್ಲ. ಪಕ್ಕದ ಹಾಸಿಗೆಯ ಮಗುವಿನ ಅಜ್ಜಿ, "ತಂಗಿದು ತುಂಬಿ ಕೊಟ್ಟ ಜಾಣೆ ಇವಳೇನಾ?" ಎಂದು ಕೆನ್ನೆ ಹಿಂಡಿದಳು. ಬೆಳಗಿನ ಪಾಳಿಯ ನರ್ಸು ಮಧ್ಯಾಹ್ನದ ಪಾಳಿಯವಳಿಗೆ ಹೇಳಿ ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಹುಡುಗಿ ಎಲ್ಲರಿಗೂ ಸಣ್ಣಗೆ ನಕ್ಕು ತೋರಿಸುತ್ತಿದ್ದಳು, ನಗುವಾಗ ಹೊಲಿಗೆ ಎಳೆಯದಿರಲೆಂದು ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು. ಚಿಕ್ಕಮ್ಮ ಬಂದರೆ ಮಾತ್ರ ಕಿಟಕಿಯ ಕಡೆ ತಿರುಗುತ್ತಿದ್ದಳು. ಅಳಲಿಲ್ಲ, ಯಾಕೆ ಹೇಳಿದೆ ಎಂದು ಕೇಳಲಿಲ್ಲ. ಒಂದು ಸಲ ಕೇಳಿದ್ದರೆ ಕಾಲಿಗೆ ಬಿದ್ದಾದರೂ ಉತ್ತರ ಹೇಳುತ್ತಿದ್ದೆ ಎಂದು ಚಿಕ್ಕಮ್ಮ ದಿನವೂ ಅಂದುಕೊಂಡಳು. ಕೇಳದೆಯೇ ಹೇಳಬಹುದಿತ್ತು, ಅದನ್ನು ಮಾಡಲಿಲ್ಲ.

ಮನೆಗೆ ಕಳಿಸುವ ದಿನ ಮಧ್ಯಾಹ್ನ ಎಲ್ಲರೂ ವಾರ್ಡಿನಲ್ಲಿ ಸೇರಿದ್ದರು. ಭಾವ ಔಷಧಿಗಳ ಪಟ್ಟಿಯನ್ನು ಎರಡೆರಡು ಸಲ ಓದುತ್ತಿದ್ದ. ಚಿಕ್ಕವಳು ದೊಡ್ಡವಳ ಹಾಸಿಗೆಯ ಮೇಲೆ ಕೂತು ಕಾಲು ಆಡಿಸುತ್ತಿದ್ದಳು. ನರ್ಸು ಬಂದು ಒಂದು ಖಾಲಿ ಡಬ್ಬಿಯನ್ನು ಹುಡುಗಿಯ ಕೈಗಿತ್ತಳು.

"ಹೋಗೋ ಮುಂಚೆ ಒಂದು ಕೊಟ್ಟು ಹೋಗು ಚಿನ್ನ. ಈ ಸಲ ನಿಂದೇ ಕೊಡ್ಬೇಕು, ಆಯ್ತಾ?"

ಭಾವನೂ ನಕ್ಕ, ಅಕ್ಕನೂ ಕಣ್ಣೊರೆಸಿಕೊಂಡು ನಕ್ಕಳು. ಹುಡುಗಿ ಡಬ್ಬಿಯನ್ನು ತಿರುಗಿಸಿ ಮೇಲೆ ಅಂಟಿಸಿದ್ದ ತನ್ನ ಹೆಸರನ್ನು ಓದಿದಳು.

"ಸಿಸ್ಟರ್, ಇದನ್ನ ಬೇರೆ ಲ್ಯಾಬಿಗೆ ಕಳಿಸ್ತೀರಾ?"

"ಬೇರೆ ಯಾಕೆ? ನಿಮ್ಮ ಚಿಕ್ಕಮ್ಮನೇ ಇದ್ದಾರಲ್ಲ ಇಲ್ಲಿ! ನಿಂತ ಹಾಗೇ ಮಾಡಿಕೊಡ್ತಾರೆ."

"ಬೇರೆ ಕಡೆ ಕಳಿಸಿ" ಎಂದಳು ಹುಡುಗಿ. ದನಿ ಮೆತ್ತಗಿತ್ತು, ಕೋಪವೇನೂ ಇರಲಿಲ್ಲ. "ಇಲ್ಲಾಂದ್ರೆ ನಾನು ಕೊಡಲ್ಲ."

ಯಾರೂ ನಗಲಿಲ್ಲ. ಅಕ್ಕ ಮೊದಲು ಮಗಳ ಮುಖ ನೋಡಿದಳು, ಆಮೇಲೆ ತಂಗಿಯ ಮುಖ ನೋಡಿದಳು. ತಂಗಿ ಕೆಳಗೆ ನೋಡುತ್ತಿದ್ದಳು. ನರ್ಸು, "ಆಯ್ತು, ಕೇಳಿ ನೋಡ್ತೀನಿ" ಎಂದಳು.

ಹುಡುಗಿ ಮಂಚದಿಂದ ನಿಧಾನವಾಗಿ ಇಳಿದಳು. ಜೊತೆಗೆ ಬರಲು ಎದ್ದ ತಾಯಿಗೆ ಬೇಡ ಎಂದು ತಲೆಯಾಡಿಸಿ, ಒಂದು ಕೈಯಲ್ಲಿ ಪಕ್ಕೆ ಹಿಡಿದು, ಇನ್ನೊಂದು ಕೈಯಲ್ಲಿ ಡಬ್ಬಿ ಹಿಡಿದು, ಬಗ್ಗಿಕೊಂಡೇ ಮೂಲೆಯ ಬಾತ್‌ರೂಮಿಗೆ ಹೋದಳು. ಚಿಲಕ ಹಾಕಿದ್ದು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ನಲ್ಲಿ ಬಿಟ್ಟ ಸದ್ದು. ಒಳಗಿನದು ಏನೊಂದೂ ಹೊರಗೆ ಕೇಳಬಾರದೆಂದು ಪೂರ್ತಿ ತಿರುಗಿಸಿದ ನಲ್ಲಿ. ನೀರು ಬಕೆಟ್ಟು ತುಂಬಿ ನೆಲಕ್ಕೆ ಸುರಿಯುತ್ತಲೇ ಇತ್ತು.